ನನ್ನ ಒಡಪು, ಅವಳ ಹಾಡು

ಮೊದಲು ಸೀಟಿ. ಒಂದು ಉದ್ದ, ಎರಡು ಗಿಡ್ಡ. ಕೆಂಪು ಬಾವುಟದವನು ರಸ್ತೆಗೆ ಅಡ್ಡ ನಿಂತು ಎತ್ತಿನ ಗಾಡಿ, ಸೈಕಲ್ಲು, ಕುರಿಹಿಂಡು ಎಲ್ಲವನ್ನೂ ತಡೆಯುತ್ತಿದ್ದ. ಆಮೇಲೆ ಯಾರೂ ಮಾತಾಡದ ಒಂದು ಗಳಿಗೆ. ಆಮೇಲೆ ನೆಲದೊಳಗಿಂದ ಧಡ್ ಎನ್ನುವ ಸದ್ದು. ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತಿತ್ತು ಅದು. ಅಡುಗೆಮನೆಯಲ್ಲಿ ನಾನು ಸಾಲಾಗಿ ನಿಲ್ಲಿಸಿಟ್ಟ ಸ್ಟೀಲ್ ತಾಟುಗಳು ಝಲ್ಲೆಂದು ಒಂದರ ಮೇಲೊಂದು ವಾಲುತ್ತಿದ್ದವು. ಶಹಾಪುರದ ಹತ್ತಿರ ಕಾಲುವೆಗಾಗಿ ಬಂಡೆ ಸಿಡಿಸುತ್ತಿದ್ದ ಕಾಲವದು. ನನ್ನ ಗಂಡ ಅಲ್ಲಿ ಸೆಕ್ಷನ್ ಇಂಜಿನಿಯರ್. ನಾನು ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ಹೊಸ ಹೆಂಡತಿ, ದಿನವೂ ತಾಟು ಜೋಡಿಸುವವಳು.

ಅದಕ್ಕೂ ಮುಂಚೆ ನಾನು ಹೈದರಾಬಾದಿನ ಕಾನ್ವೆಂಟಿನ ಬೋರ್ಡಿಂಗ್ ಹುಡುಗಿ. ಅಪ್ಪನಿಗೆ ರೈಲ್ವೆ ನೌಕರಿ, ಊರೂರು ಟ್ರಾನ್ಸ್‌ಫರ್. ಹಾಗಾಗಿ ನನ್ನನ್ನು ಸಿಸ್ಟರುಗಳ ಕೈಗೆ ಒಪ್ಪಿಸಿದ್ದ. ಕ್ವಾಯರಿನಲ್ಲಿ ಸೋಲೋ ಹಾಡುವವಳು ನಾನೇ. ಮ್ಯೂಸಿಕ್ ಸಿಸ್ಟರ್ ಒಮ್ಮೆ ನನ್ನ ಗದ್ದ ಎತ್ತಿ, "ಚೈಲ್ಡ್, ಈ ವಾಯ್ಸ್ ಹಾಳು ಮಾಡಿಕೊಳ್ಳಬೇಡ" ಎಂದಿದ್ದರು. ಮಾಡಿಕೊಳ್ಳಲಿಲ್ಲ. ಬಳಸಲೇ ಇಲ್ಲ, ಇನ್ನು ಹಾಳಾಗುವುದೆಲ್ಲಿಂದ?

ಮೆಟ್ರಿಕ್ ಪಾಸಾದಾಗ ಅಪ್ಪ ಕೊಡಿಸಿದ ಗಿಟಾರ್ ನನ್ನ ಜೊತೆ ಸುರಪುರದ ಗಂಡನ ಮನೆಗೆ ಬಂತು. ಬಸ್ಸಿನ ಟಾಪಿನಿಂದ ಹಾಸಿಗೆ, ಟ್ರಂಕು ಇಳಿದ ಮೇಲೆ ಅದು ಇಳಿಯಿತು. ಅತ್ತೆ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದರು.

"ಇದೇನವ್ವಾ, ತಂಬೂರಿ ಬಸರಾದಂಗದ?"

"ಗಿಟಾರ್ ಅಂತಾರ್ರಿ ಅತ್ತಿ."

"ಏನರೆ ಅನ್ಲಿ. ನೀ ಮಾತ್ರ ಬಾರಸಬ್ಯಾಡ. ಇಂಜಿನಿಯರ್ ಹೆಂಡ್ತಿ ಬಾಜಾದಾಕಿ ಅಂತಾರ ಮಂದಿ."

ಕ್ಯಾಂಪಿನ ಮನೆಯಲ್ಲಿ ಅದನ್ನು ಮೊಳೆಗೆ ನೇತುಹಾಕಿದೆ. ಬಂಡೆ ಸಿಡಿದಾಗ ಅದರ ತಂತಿಗಳೂ ತಾವಾಗಿಯೇ ಸಣ್ಣಗೆ ಗುಂಯ್ ಎನ್ನುತ್ತಿದ್ದವು. ಆ ಮನೆಯಲ್ಲಿ ಅದಕ್ಕಿದ್ದ ಸಂಗೀತ ಅಷ್ಟೇ, ಅವಳು ಬರುವವರೆಗೆ.

ಅವಳು ಅಂದರೆ ನನ್ನ ನಾದಿನಿ, ಅತ್ತೆಯ ಕೊನೆಯ ಮಗಳು. ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬೇಕಾದಷ್ಟು ಕಡೆ ಬೇಕಾದಷ್ಟು ದೊಡ್ಡ ಅಕ್ಷರದಲ್ಲಿ ಬರೆದಾಗಿದೆ. ಎಸ್ಸೆಸ್ಸೆಲ್ಸಿ ಮುಗಿಸಿ ಶಹಾಪುರದಲ್ಲಿ ಪಿಯುಸಿ ಓದಲೆಂದು ನಮ್ಮ ಮನೆಗೆ ಬಂದಳು. ಬಂದ ದಿನವೇ ಕಾಲು ತೊಳೆಯುವ ಮೊದಲು ಗಿಟಾರ್ ಮುಟ್ಟಿದಳು. ನಾನೇ ಕೆಳಗಿಳಿಸಿ ಕೊಟ್ಟೆ. ಅತ್ತೆ ಸುರಪುರದಲ್ಲಿದ್ದರು, ಗಂಡ ಸೈಟಿಗೆ ಹೋಗಿದ್ದರು, ನನಗೂ ಮಾತಿಗೊಬ್ಬರು ಬೇಕಾಗಿತ್ತು. ಕಾರ್ಡ್ಸ್ ಹಿಡಿಯುವುದು, ಬಲಗೈ ಬೀಸುವುದು, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆನ್ನುವುದು, ಎಲ್ಲ ಹೇಳಿಕೊಟ್ಟೆ.

ಅವಳ ಧ್ವನಿ ಕೇಳಿ ನನಗೆ ಸಮಾಧಾನವಾಗಿತ್ತು ಎಂದೇ ಹೇಳಬೇಕು. ಬಸ್ ಸ್ಟ್ಯಾಂಡಿನಲ್ಲಿ "ಕಕ್ಕೇರಾ, ಕಕ್ಕೇರಾ" ಎಂದು ಕೂಗುವ ಕಂಡಕ್ಟರನ ಗಂಟಲು ಅದು.

"ನೀ ಒದರಾಕತ್ತಿ. ಹಾಡು," ಎಂದೆ.

"ಒದರಿದ್ರ ಕೇಳಸ್ತದ ವೈನಿ. ನೀವು ಹಾಡಿದ್ದು ಅಡಗಿಮನಿ ಹೊಸ್ತಿಲಾ ದಾಟಂಗಿಲ್ಲ ನೋಡ್ರಿ."

ನಕ್ಕೆ. ಆಗ ನಗಲು ಬರುತ್ತಿತ್ತು.

ಇನ್ನು ಆ ಒಡಪಿನ ವಿಷಯ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮಸುಮ್ಮನೆ ಬಾಯಿಗೆ ತರುವಂತಿಲ್ಲ. ಆದರೆ ಮದುವೆ, ಕುಬುಸ, ತೊಟ್ಟಿಲು ಎಂದು ಹೆಂಗಸರು ಕೂಡಿದ ದಿನ ಹೇಳದೆ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಬಾಗಿಲಿಗೆ ಅಡ್ಡ ಕೈಯಿಟ್ಟು ನಿಲ್ಲುತ್ತಾರೆ: ಹೆಸರು ಹೇಳು, ಒಳಗೆ ಬಾ. ಬರೀ ಹೆಸರು ನಡೆಯುವುದಿಲ್ಲ. ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ಅದರ ತುದಿಗೆ ಹೆಸರನ್ನು ಸಿಕ್ಕಿಸಬೇಕು. ಅದೇ ಒಡಪು. ಗಂಡ ಇರುವಷ್ಟು ದಿನ ಮಾತ್ರ ಅದನ್ನು ಹೇಳುವುದು. ಆಮೇಲೆ ಯಾರೂ ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಸುಮ್ಮನೆ ಜರುಗಿ ದಾರಿ ಬಿಡುತ್ತಾರೆ.

ಆ ವರ್ಷ ನಮ್ಮ ಸೆಕ್ಷನ್ನಿನ ಕಾಲುವೆಗೆ ಮೊದಲ ಸಲ ನೀರು ಬಿಟ್ಟಿದ್ದರು. ಹಗಲೆಲ್ಲ ಜನ ದಂಡೆಯ ಮೇಲೆ ಸುಮ್ಮನೆ ಕುಳಿತು ನೀರು ನೋಡುತ್ತಿದ್ದರು. ಗೇಟು ಎತ್ತುವುದಕ್ಕೆ, ಇಳಿಸುವುದಕ್ಕೆ ದಿನಾ ಜಗಳ. ಹಾಗಾಗಿ ಗೇಟಿಗೆ ಬೀಗ, ಬೀಗದ ಚಾವಿ ನನ್ನ ಗಂಡನ ಪ್ಯಾಂಟಿನ ಕಿಸೆಯಲ್ಲಿ. ಆಗಲೇ ಪಕ್ಕದ ಕ್ವಾರ್ಟರ್ಸಿನಲ್ಲಿ ಓವರ್‌ಸೀಯರರ ಹೆಂಡತಿಯ ಕುಬುಸ. ಬಸುರಿಗೆ ತೊಡಿಸಲು ನಾನು ಹಸಿರು ಬಳೆ ಹಿಡಿದುಕೊಂಡು ಹೋದರೆ ಬಾಗಿಲಲ್ಲಿ ಹೆಂಗಸರ ಗೋಡೆ.

"ಕಾನ್ವೆಂಟ್ ಅಕ್ಕೋರು ಬಂದ್ರು! ಹೆಸರು ಹೇಳ್ರಿ, ಒಳಗ ಬರ್ರಿ."

"ಆಕಿಗೆಲ್ಲಿ ಬರ್ತದ? ಮಿಸ್ಟರ್ ಅಂತಾಳ ನೋಡ್ರಿ ಈಗ."

"ಇಂಗ್ಲಿಷಿನ್ಯಾಗರೆ ಹೇಳ್ಲಿ, ನಾವು ಹೂಂ ಅಂತೀವಿ."

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಬಂದದ್ದು ಆ ಸಾಲು, ಎಲ್ಲಿಂದಲೋ, ಯೋಚನೆಯೇ ಇಲ್ಲದೆ:

"ಕಾಲುವಿ ಗೇಟಿನ ಚಾವಿ ಇವರ ಕಿಸೇದಾಗ,
ಇವರ ಚಾವಿ ನನ್ನ ಸೆರಗಿನ ಗಂಟಿನಾಗ,"

ತುದಿಗೆ ಗಂಡನ ಹೆಸರು.

ಒಂದು ಕ್ಷಣ ಬಿಟ್ಟು ಆ ಮನೆಯ ತಗಡು ಹಾರಿಹೋಗುವ ಹಾಗೆ ನಕ್ಕರು. "ಇನ್ನೊಮ್ಮಿ ಹೇಳ್ರಿ ಅಕ್ಕೋರ, ಇನ್ನೊಮ್ಮಿ!" ನನ್ನ ನಾದಿನಿ ಅಂಗಳದಲ್ಲಿ ಬಿದ್ದಿದ್ದ, ಗಾರೆ ಹೊರುವ ಕಬ್ಬಿಣದ ಪುಟ್ಟಿಯನ್ನು ಬೋರಲು ಹಾಕಿ ಬಡಿಯತೊಡಗಿದಳು. ಅವರು ಕೇಳಿದಷ್ಟು ಸಲ ಹೇಳಿದೆ. ಮರುದಿನ ಗೇಟಿನ ಆಳು ನನ್ನ ಗಂಡನನ್ನು ಕೇಳಿದನಂತೆ: "ಸಾಹೇಬ್ರ, ಚಾವಿ ನಿಮ್ಮ ಬಲ್ಲಿ ಅದಾವೋ, ಅಕ್ಕೋರ ಬಲ್ಲಿ ಅದಾವೋ? ಯಾರನ್ನ ಕೇಳಬೇಕ್ರಿ ನಾವು?" ಗಂಡ ಮಧ್ಯಾಹ್ನ ಊಟಕ್ಕೆ ಬಂದವರು ತಲೆ ಎತ್ತದೆ ರೊಟ್ಟಿ ಮುರಿದು, "ಛಲೋ ಕಟ್ಟೀದಿ" ಎಂದರು. ಅವರ ಕಿವಿ ಕೆಂಪಗಾಗಿತ್ತು.

ಜನ ಸೇರಿ ನನಗಾಗಿ ಕೂಗಿದ್ದು ಅದೊಂದೇ ಸಲ.

ಪಿಯುಸಿ ಆದ ಮೇಲೆ ಅವಳು ಡಿಗ್ರಿಗೆ ಹೈದರಾಬಾದಿಗೆ ಹೊರಟಳು. ಗಿಟಾರ್ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಒಯ್ಯಲಿ ಬಿಡವ್ವಾ. ಮೊಳಿ ಖಾಲಿ ಆದ್ರ ಕ್ಯಾಲೆಂಡರ್ ಹಾಕಾಕ ಬರ್ತದ." ಒರೆಸಿ ಕೊಟ್ಟೆ. ಅಲ್ಲಿ ಅವಳು ಕಾಲೇಜಿನ ಹುಡುಗರ ಜೊತೆ ಬ್ಯಾಂಡ್ ಕಟ್ಟಿದಳು. ಡ್ರಮ್ಸು, ಎಲೆಕ್ಟ್ರಿಕ್ ಗಿಟಾರು, ನಡುವೆ ನಮ್ಮ ಸುರಪುರದ ಹುಡುಗಿ, ಜೀನ್ಸ್ ಹಾಕಿಕೊಂಡು ನಮ್ಮ ಮನೆಯ ಮಾತಿನಲ್ಲೇ ಒದರುವುದು. ರಾಕ್ ಅಂದರೆ ಇಂಗ್ಲಿಷ್ ಎಂದುಕೊಂಡಿದ್ದವರಿಗೆ "ಯಾಕಲೇ ತಮ್ಮಾ" ಎನ್ನುವ ರಾಕ್ ಕೇಳಿ ಹುಚ್ಚು ಹಿಡಿಯಿತು. ಕ್ಯಾಸೆಟ್ ಬರುತ್ತದೆ ಎಂದು ಸುದ್ದಿ ಬಂತು. ಅತ್ತೆ ಊಟ ಬಿಟ್ಟರು, ಆಮೇಲೆ ಮತ್ತೆ ಉಂಡರು.

ಆ ಕ್ಯಾಸೆಟ್ಟನ್ನು ನಾನು ಮೊದಲು ಕೇಳಿದ್ದು ಶಹಾಪುರ ಬಸ್ ಸ್ಟ್ಯಾಂಡಿನ ಎದುರಿನ ಚಹಾ ಹೋಟೆಲಿನ ಹೊರಗೆ. ಕೈಯಲ್ಲಿ ಬದನೆಕಾಯಿಯ ಚೀಲ, ಕ್ಯಾಂಪಿನ ಜೀಪಿಗಾಗಿ ಕಾಯುತ್ತಿದ್ದೆ. ಗಲ್ಲಾಪೆಟ್ಟಿಗೆಯ ಮೇಲಿನ ಟೇಪ್ ರೆಕಾರ್ಡರಿನಿಂದ ಆ ಕಂಡಕ್ಟರ್ ಗಂಟಲು ಬಂತು. ಕಾಲುವಿ ಗೇಟಿನ ಚಾವಿ ಇವರ ಕಿಸೇದಾಗ. ನನ್ನ ಸಾಲು. ಅಕ್ಷರ ಅಕ್ಷರವೂ ನನ್ನದು. ಇವರ ಚಾವಿ ನನ್ನ ಸೆರಗಿನ ಗಂಟಿನಾಗ. ಆಮೇಲೆ ಹೆಸರು ಬರಬೇಕಾದಲ್ಲಿ ಹೆಸರಿಲ್ಲ. ಮದುವೆಯಾಗದವಳು, ಯಾರ ಹೆಸರು ಹೇಳಿಯಾಳು? ಡ್ರಮ್ಸ್ ನಿಂತಿತು, ಗಿಟಾರ್ ನಿಂತಿತು, ಏನೂ ಇಲ್ಲ. ಆ ಖಾಲಿಗೆ ಹೋಟೆಲಿನೊಳಗಿದ್ದ ಹುಡುಗರೆಲ್ಲ ಒಟ್ಟಿಗೆ ಕಿರುಚಿದರು. ಒಬ್ಬ ಸಿನಿಮಾ ನಟಿಯ ಹೆಸರು, ಒಬ್ಬ ಗೆಳೆಯನನ್ನು ಕಾಡಿಸಲು ಅವನ ಹುಡುಗಿಯ ಹೆಸರು, ಒಬ್ಬ ಹೋಟೆಲ್ ಮಾಲೀಕನ ಹೆಸರು. ಕೂಡಲೇ ಧಡಾಲ್ ಎಂದು ಡ್ರಮ್ಸ್ ಮತ್ತೆ. ಹುಡುಗರು ಟೇಬಲ್ ಕುಟ್ಟಿ ನಗುತ್ತಿದ್ದರು. "ಏ, ಹಿಂದಕ್ಕ ಓಡಸಲೇ, ಮತ್ತ ಹಚ್ಚಲೇ!"

ಜೀಪು ಬಂದು ಹಾರ್ನ್ ಹೊಡೆದದ್ದು ನನಗೆ ಕೇಳಿಸಲಿಲ್ಲ.

ಮಾರನೆಯ ದಿನ ಕ್ಯಾಸೆಟ್ ಕೊಂಡು ತಂದೆ. ಹೊದಿಕೆಯ ಮೇಲೆ ಅವಳ ಫೋಟೋ, ನನ್ನ ಗಿಟಾರ್, ಕೆಳಗೆ "ರಚನೆ, ಗಾಯನ" ಎಂದು ಬರೆದು ಒಂದೇ ಹೆಸರು. ಗಂಡನಿಗೆ ತೋರಿಸಿದೆ.

"ಹೋಗ್ಲಿ ಬಿಡು. ಮನ್ಯಾಗಿನ ಮಾತು ಮನ್ಯಾಗ ಉಳೀತು."

"ಎಲ್ಲಿ ಉಳೀತು? ಬಸ್ ಸ್ಟ್ಯಾಂಡಿನ್ಯಾಗ ಕೂಗಾಕತ್ತದ."

"ಒಡಪಿಗೆ ಯಾರರೆ ಹೆಸರು ಬರೀತಾರೇನು?"

"ಆಕಿ ಬರಕೊಂಡಾಳಲ್ಲ!"

ಅವರು ಕಾಲುವೆಯ ನಕ್ಷೆ ಬಿಡಿಸಿಕೊಂಡು ಕುಳಿತರು. ಒಳ್ಳೆಯ ಮನುಷ್ಯ. ಆದರೆ ಹೊಟ್ಟೆಕಿಚ್ಚು ಎಂಬುದು ಆ ಮನುಷ್ಯನಿಗೆ ದೇವರು ಕೊಟ್ಟಿರಲಿಲ್ಲ. ಅವರ ಪಾಲಿನದೂ ನನಗೇ ಬಂದಿತ್ತು.

ಆಮೇಲಿನ ವರ್ಷಗಳನ್ನು ನಾನು ಅವಳ ಕ್ಯಾಸೆಟ್ಟುಗಳಿಂದ ನೆನಪಿಟ್ಟಿದ್ದೇನೆ. ಎರಡನೆಯದು ಓಡಲಿಲ್ಲ. ಆ ಸುದ್ದಿ ಬಂದ ದಿನ ನಾನು ಸಜ್ಜಕ ಮಾಡಿದೆ. "ಇವತ್ತೇನು ಹಬ್ಬ?" ಎಂದರು ಗಂಡ. "ಏನಿಲ್ಲ, ತಿನ್ನಬೇಕನಸ್ತು." ಮೂರನೆಯದು ಬೊಂಬಾಯಿಯವರೆಗೆ ಓಡಿತು, ನನಗೆ ವಾರವಿಡೀ ಅಸಿಡಿಟಿ. ಪೇಪರಿನಲ್ಲಿ, ಮ್ಯಾಗಜಿನ್ನಿನಲ್ಲಿ ಅವಳ ಇಂಟರ್‌ವ್ಯೂ. ಹಾಡಿನ ನಡುವೆ ಆ ಮೌನ ಎಲ್ಲಿಂದ ಬಂತು ಎಂದು ಕೇಳಿದರೆ, ಕಾಲುವೆಯ ಬಂಡೆ ಸಿಡಿಯುವ ಮುಂಚಿನ ಮೌನವದು, ಹುಡುಗಿಯಾಗಿದ್ದಾಗ ಕೇಳಿದ್ದು ಎಂದಳಂತೆ. ಬ್ಯೂಟಿಫುಲ್. ಬಂಡೆ ಸಿಡಿದ ಮೇಲೆ ತಾಟು ಜೋಡಿಸಿದವರ ಬಗ್ಗೆ ಯಾರೂ ಕೇಳಲಿಲ್ಲ.

ಗಂಡನಿಗೆ ವರ್ಗವಾದಲ್ಲೆಲ್ಲ ಅವಳು ನನಗಿಂತ ಮೊದಲೇ ಹೋಗಿ ಕುಳಿತಿರುತ್ತಿದ್ದಳು. ಹತ್ತಿಕುಣಿಯಲ್ಲಿ ಕಟಿಂಗ್ ಶಾಪಿನ ಗೋಡೆಯ ಮೇಲೆ, ವಡಗೇರಾದ ಟಂಟಂ ಗಾಡಿಯ ಹಿಂದೆ. ನಮ್ಮ ಸಂಬಂಧ ಗೊತ್ತಾದರೆ ಹೆಂಗಸರು ಮನೆಗೇ ಬರುತ್ತಿದ್ದರು.

"ಆಕಿ ನಿಮ್ಮ ನಾದ್ನಿ ಅಂತಲ್ರಿ? ಖರೇನ ಪ್ಯಾಂಟ್ ಹಾಕ್ತಾಳೇನ್ರಿ ಮನ್ಯಾಗೂ?"

"ಗಿಟಾರ್ ನಾನೇ ಕಲಿಸಿದ್ದು."

"ಹೌದ್ರಿ? ಮತ್ತ ನೀವ್ಯಾಕ ಹಾಡ್ಲಿಲ್ಲ?"

ಚಹಾ ತರುತ್ತೇನೆ ಎಂದು ಒಳಗೆ ಹೋಗುತ್ತಿದ್ದೆ.

ಒಂದು ದೀಪಾವಳಿಗೆ ಅವಳು ಸುರಪುರಕ್ಕೆ ಬಂದಳು. ಅತ್ತೆ ಹಾಸಿಗೆ ಹಿಡಿದಿದ್ದರು. ಅಡುಗೆಮನೆಯಲ್ಲಿ ನಾನು ಚಕ್ಕುಲಿ ಕರಿಯುತ್ತಿದ್ದೆ, ಅವಳು ಕಟ್ಟೆಯ ಮೇಲೆ ಕಾಲಾಡಿಸುತ್ತ ಕುಳಿತು ಬಿಸಿಬಿಸಿಯಾಗಿ ಮುರಿದು ತಿನ್ನುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ.

"ಆ ಒಡಪು ನಂದು."

"ಯಾವುದ್ರಿ ವೈನಿ?" ಎಂದವಳು ತಕ್ಷಣ ನಕ್ಕಳು. "ಹೌದು, ನಿಮ್ದ. ನಾ ಯಾವಾಗ ಅಲ್ಲಂದೆ?"

"ಹೌದು ಅಂತ ಯಾವಾಗ ಅಂದಿ?"

"ವೈನಿ, ಒಡಪು ಊರಬಾವಿ ಇದ್ದಂಗ್ರಿ. ಯಾರ ಬೇಕಾದ್ರೂ ಸೇದಬಹುದು."

"ತೋಡಿದವರೂ ಇರ್ತಾರ."

ಅವಳು ಚಕ್ಕುಲಿ ಕೆಳಗಿಟ್ಟಳು. "ನೀವು ಹೆಸರು ಹಚ್ಚಿ ಹೇಳಿದ್ರಿ. ಹಂಗ ಇಟ್ಟಿದ್ರ ಅದು ಅಣ್ಣಂದೊಬ್ಬಂದ ಆಗ್ತಿತ್ತು. ನಾ ಹೆಸರು ತಗದೆ, ಅದು ಎಲ್ಲಾರದೂ ಆತು. ನಂದೂ ಏನರೆ ಅದ ಅಲ್ಲ ಅದರಾಗ?"

ಅವಳ ಮಾತು ಸರಿಯಾಗಿತ್ತು, ಅದೇ ನನಗೆ ಇನ್ನೂ ಉರಿಯಿತು. ಎಣ್ಣೆಯ ಕಡೆ ನೋಡುತ್ತ, "ಒಂದ್ಸಲ ಹೇಳು. ಸ್ಟೇಜಿನ ಮ್ಯಾಲೆ ನಿಂತು, ಮಂದಿ ಮುಂದ. ಅಷ್ಟ ಸಾಕು ನನಗ," ಎಂದೆ.

"ಇಷ್ಟ ಏನ್ರಿ? ನಮ್ಮ ಕಡೆ ಹಾಡೋ ದಿನ ಹೇಳ್ತೀನಿ. ನಿಮ್ಮನ್ನ ಮುಂದ ಕುಂಡ್ರಿಸಿಕೊಂಡು ಹೇಳ್ತೀನಿ. ಆಣಿ."

ನಮ್ಮ ಕಡೆ ಹಾಡುವ ದಿನ ಬರಲೇ ಇಲ್ಲ. ಹೈದರಾಬಾದ್, ಬೆಂಗಳೂರು, ಬೊಂಬಾಯಿ, ದುಬೈ. ಇಲ್ಲಿಯವರಿಗೆ ಅವಳ ಕ್ಯಾಸೆಟ್ ಬೇಕು, ಪ್ಯಾಂಟ್ ಹಾಕಿದ ಹೆಣ್ಣುಮಗಳನ್ನು ಕರೆಸುವ ಧೈರ್ಯ ಬೇಡ. ನಾನು ಕಾದೆ. ಇಂಥದ್ದಕ್ಕೂ ಒಬ್ಬ ಹೆಂಗಸು ಕಾಯುತ್ತಾಳೆಯೇ ಎಂದರೆ, ಕಾಯುತ್ತಾಳೆ. ಅವಳ ಹೊಸ ಹಾಡು ಬಂದಾಗೆಲ್ಲ ಕಾದೆ. ಆ ನಡುವೆ ನನ್ನ ಮಕ್ಕಳು ಬೆಳೆದು ಮದುವೆಯಾದರು, ಅತ್ತೆ ಹೋದರು. ಗಂಡ ರಿಟೈರ್ ಆದರು, ನಾವು ಯಾದಗಿರಿಯಲ್ಲಿ ಮನೆ ಮಾಡಿದೆವು, ಒಂದು ಬೆಳಿಗ್ಗೆ ಪೇಪರ್ ಓದುತ್ತ ಓದುತ್ತ ಅವರೂ ಹೋದರು. ಅವಳು ಬಂದಳು, ನನ್ನ ಪಕ್ಕದಲ್ಲಿ ನೆಲದ ಮೇಲೆ ಮಲಗಿದಳು, ಹೋದಳು. ನಾನು ಕುಂಕುಮ ಬಿಟ್ಟೆ. ಸಿಸ್ಟರುಗಳ ಕೈಯಲ್ಲಿ ಬೆಳೆದವಳಿಗೆ ಅಂಥ ನಂಬಿಕೆಯೇನೂ ಇರಲಿಲ್ಲ. ಕನ್ನಡಿಯ ಮುಂದೆ ಕೈ ಮೇಲೇಳುತ್ತಿರಲಿಲ್ಲ, ಅಷ್ಟೇ.

ಯಾದಗಿರಿ ಜಿಲ್ಲೆಯಾಯಿತು. ಹೊಸ ಆಫೀಸು, ಹೊಸ ಉಮೇದು. ಆ ಉಮೇದಿನಲ್ಲಿ ಯಾರೋ ಅವಳನ್ನು ಕರೆಸಿದರು. ಸಂಜೆ, ಹೈಸ್ಕೂಲ್ ಮೈದಾನದಲ್ಲಿ. ಅವಳೇ ಕಾರು ಕಳಿಸಿ ನನ್ನನ್ನು ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿದಳು. ಶಹಾಪುರ, ಸುರಪುರ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಂದಿದ್ದರು ಜನ. ಅವಳಿಗೂ ವಯಸ್ಸಾಗಿತ್ತು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಣಿದಳು. ನನ್ನ ಸೀರೆ ಇಸ್ತ್ರಿಯಾಗಿತ್ತು. ಸತ್ಯ ಹೇಳುತ್ತೇನೆ, ಹಾಡು ಒಂದೂ ಕೇಳಲಿಲ್ಲ ನಾನು. ಆ ಮಾತಿಗಾಗಿ ಮಾತ್ರ ಕುಳಿತಿದ್ದೆ.

ಕೊನೆಯಲ್ಲಿ ಅವಳು ಬ್ಯಾಂಡಿಗೆ ಕೈ ಮಾಡಿ ನಿಲ್ಲಿಸಿದಳು.

"ಇಷ್ಟು ದಿನ ಈ ಹಾಡು ನಂದು ಅಂತ ತಿಳಕೊಂಡೀರಿ. ಇದರ ಎರಡು ಸಾಲು ನನ್ನವಲ್ಲ. ಕಟ್ಟಿದಾಕಿ ನಮ್ಮ ವೈನಿ. ನನಗ ಗಿಟಾರ್ ಹಿಡಿಯೋದು ಕಲಿಸಿದಾಕೀನೂ ಅವರ. ಅಲ್ಲಿ ಕುಂತಾರ ನೋಡ್ರಿ!"

ಲೈಟು ನನ್ನ ಮೇಲೆ ಬಿತ್ತು. ಸೀಟಿ, ಚಪ್ಪಾಳೆ. ಸಾಕಾಗಿತ್ತು ಅಷ್ಟು. ಅಲ್ಲಿಗೆ ಬಿಟ್ಟಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಆದರೆ ಅವಳು ಮೈಕು ಹಿಡಿದು ಮೆಟ್ಟಿಲಿಳಿದು ಬಂದಳು. "ವೈನಿ, ನೀವ ಹೇಳ್ರಿ. ಹೆಸರು ಹಚ್ಚಿ ಹೇಳ್ರಿ!" ಜನ ಶುರು ಮಾಡಿದರು: "ಒಡಪು! ಒಡಪು!"

ನನ್ನ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಮೆಲ್ಲಗೆ ಅಂದಳು, "ಅಯ್ಯ ಶಿವನ. ಹಣಿ ಬರಿದದ. ಆಕಿ ಹೆಂಗ ಹೇಳ್ತಾಳ?"

ನಾದಿನಿಗೂ ಅದು ಕೇಳಿಸಿತು. ಮೈಕು ಚಾಚಿದ ಕೈ ಹಾಗೇ ನಿಂತಿತು. ಊರೂರು ತಿರುಗಿ, ಮದುವೆಯೇ ಆಗದೆ, ಒಡಪಿನಿಂದಲೇ ಹೆಸರು ಮಾಡಿದವಳಿಗೆ ಒಡಪು ಯಾರು ಹೇಳಬಾರದು ಎಂಬುದು ಮರೆತುಹೋಗಿತ್ತು. ಮುಂದಿನ ಸಾಲುಗಳಲ್ಲಿ ಹೆಂಗಸರು ನೆಲ ನೋಡತೊಡಗಿದರು. ಹಿಂದಿನ ಹುಡುಗರಿಗೆ ಏನೂ ಗೊತ್ತಿಲ್ಲ. ಅವರು ಕೂಗುತ್ತಲೇ ಇದ್ದರು. ಅವಳು ಮೈಕು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ. ಈ ಸಲ ಬಿಟ್ಟರೆ ಇನ್ನು ಯಾವಾಗ?

ಹೇಳಿದೆ. ಕ್ವಾಯರಿನ ಧ್ವನಿ ಬರುತ್ತದೆಂದುಕೊಂಡಿದ್ದೆ. ಮುದುಕಿಯ ಗೊಗ್ಗರು ಧ್ವನಿ ಬಂತು. ಗೇಟಿನ ಚಾವಿ ಹೇಳಿದೆ, ಸೆರಗಿನ ಗಂಟು ಹೇಳಿದೆ. ಡ್ರಮ್ಸಿನವನು ಅಭ್ಯಾಸದಂತೆ ನಿಲ್ಲಿಸಿದ. ಅಲ್ಲಿ ನಾನು ನನ್ನ ಗಂಡನ ಹೆಸರು ಹೇಳಿದೆ, ಪೂರ್ತಿ, ಸ್ಪಷ್ಟವಾಗಿ. ಅದೇ ಗಳಿಗೆಯಲ್ಲಿ ಇಡೀ ಮೈದಾನ ತನಗೆ ಬೇಕಾದ ಹೆಸರು ಕೂಗಿತು. ಸಾವಿರ ಹೆಸರು. ನನ್ನ ಕಿವಿಗೇ ನನ್ನ ಮಾತು ಕೇಳಿಸಲಿಲ್ಲ. ಜನ ಕುಣಿದರು, ನನ್ನತ್ತ ಕೈ ಬೀಸಿದರು, ಅವಳ ಹಾಡು ಅವಳ ಹಾಡಾಗಿಯೇ ಮುಗಿಯಿತು.

ಮರುದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತ ಅವಳು ಹೇಳಿದಳು, "ನನಗ ನೆನಪ ಆಗ್ಲಿಲ್ರಿ ವೈನಿ."

"ನಿನಗ ಹೆಂಗ ಆಗ್ತದ? ನೀ ಯಾವತ್ತರೆ ಹೆಸರು ಹೇಳೀದಿ ಏನು?"

"ಅಣ್ಣನ ಹೆಸರು ನನಗ ಕೇಳಸ್ತು. ನಾ ಬಾಜೂಕ ಇದ್ನೆಲ್ಲ."

"ನಿನಗೊಬ್ಬಾಕಿಗೆ."

"ಸಾಲಲ್ಲೇನ್ರಿ?"

"ಸಾಲಂಗಿಲ್ಲ," ಎಂದೆ. ಅವಳು ನಕ್ಕು ಇನ್ನಷ್ಟು ಉಪ್ಪಿಟ್ಟು ಹಾಕಿಸಿಕೊಂಡಳು. ಕೊಟ್ಟ ಮಾತನ್ನು ಅವಳು ನಡೆಸಿದ್ದಳು, ಅವಳ ಮೇಲೆ ಹೊರಿಸಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಅದು ಎಷ್ಟು ದೊಡ್ಡ ನಷ್ಟ ಎಂದು ಆಗಲೇ ತಿಳಿಯಿತು.

ಈಗ ಮೊಮ್ಮಕ್ಕಳು ಫೋನಿನಲ್ಲಿ ಅವಳನ್ನು ತೋರಿಸುತ್ತಾರೆ, ಅವಳು ತೀರಿಕೊಂಡ ದಿನದ ನ್ಯೂಸನ್ನೂ ತೋರಿಸಿದರು. ನಾನು ಅವಳನ್ನು ಕೊನೆಯದಾಗಿ ಕಣ್ಣಾರೆ ಕಂಡದ್ದು ಆ ಉಪ್ಪಿಟ್ಟಿನ ದಿನವೇ, ಯಾದಗಿರಿ ಸ್ಟೇಷನ್ನಿನಲ್ಲಿ, ಬೊಂಬಾಯಿ ರೈಲು ಹತ್ತಿಸಲು ಹೋದಾಗ. ಕಾಲೇಜಿನ ಹುಡುಗಿಯರು ಸುತ್ತುವರಿದರು. ಒಬ್ಬಳು ಫೋನು ನನ್ನ ಕೈಗಿಟ್ಟು, "ಆಂಟಿ, ಒಂದ್ ಫೋಟೋ ಹೊಡೀರಿ, ಇಲ್ಲಿ ಒತ್ತಿದ್ರಾತು" ಎಂದಳು. ಒತ್ತಿದೆ. ನಾದಿನಿ ಚೆನ್ನಾಗಿ ಬಂದಿದ್ದಳು, ಕಣ್ಣು ಮುಚ್ಚಿದ್ದರೆ ನನಗೇನೂ ಬೇಸರವಿರಲಿಲ್ಲ. ರೈಲು ಹೊರಟಿತು. ಅವಳು ಬಾಗಿಲಲ್ಲಿ ನಿಂತು ಕೈ ಬೀಸಿದಳು, ನನಗೋ ಆ ಹುಡುಗಿಯರಿಗೋ ತಿಳಿಯಲಿಲ್ಲ. ಹುಡುಗಿಯರೆಲ್ಲ ಕೈ ಎತ್ತಿದ್ದರು. ಇರಲಿ ಎಂದು ನಾನೂ ಎತ್ತಿದೆ.